ಜಾಗ ಬದಲಿಸುವ ದದ್ದು, ಉರಿಯುವ ನಾಲಿಗೆ, ಇಳಿಯುವ ತೂಕ: ಮೇದೋಜ್ಜೀರಕ ಗ್ರಂಥಿಯ ಕಡೆ ಯಾವಾಗ ನೋಡಬೇಕು?

ಪ್ರಶ್ನೆ: ಕೊಡಗಿನ ನಾಪೋಕ್ಲು ಸಮೀಪ ನಮ್ಮದು ಸಣ್ಣ ಕಾಫಿ ತೋಟ. ತಂದೆಯವರಿಗೆ 59 ವರ್ಷ. ಕಳೆದ ಮಳೆಗಾಲದಲ್ಲಿ ಅವರ ತೊಡೆಸಂದಿನಲ್ಲಿ ಕೆಂಪು ದದ್ದು ಎದ್ದಿತು. ಗಂಬೂಟು ಮತ್ತು ಒದ್ದೆ ಬಟ್ಟೆಯಿಂದ ಬಂದ ಫಂಗಸ್ ಎಂದು ಮುಲಾಮು ಹಚ್ಚಿದೆವು. ತೋಟಕ್ಕೆ ಮೈಲುತುತ್ತು ಹೊಡೆದದ್ದರಿಂದ ಆದ ಅಲರ್ಜಿ ಎಂದು ಕೆಲವರು ಹೇಳಿದರು. ಒಂದು ಕಡೆ ಆರಿದರೆ ಪಕ್ಕದಲ್ಲಿ ಏಳುತ್ತದೆ. ಈಗ ಪಿರ್ರೆಗೂ ಮೊಣಕಾಲಿನ ಕೆಳಗೂ ಹರಡಿದೆ. ಜನವರಿಯಲ್ಲಿ ಸಕ್ಕರೆ ಕಾಯಿಲೆ ಇದೆಯೆಂದು ತಿಳಿಯಿತು. ತೂಕ 9 ಕಿಲೋ ಇಳಿದಿದೆ, ನಾಲಿಗೆ ಉರಿಯಿಂದ ಖಾರ ತಿನ್ನಲಾಗುತ್ತಿಲ್ಲ. ಇಂಥ ದದ್ದು ಪ್ಯಾಂಕ್ರಿಯಾಸ್‌ನ ಗೆಡ್ಡೆಯ ಮುನ್ಸೂಚನೆ ಆಗಿರಬಹುದು ಎಂದು ಓದಿ ಭಯವಾಗಿ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿದೆವು. ಏನೂ ಇಲ್ಲ ಎಂದರು. ಇನ್ನು ನಿಶ್ಚಿಂತೆಯಿಂದ ಇರಬಹುದೇ? ಅಂಟಿಬಿಡುತ್ತದೆ ಎಂದು ಹೆದರಿ ತಂದೆಯವರು ಮೊಮ್ಮಗಳನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದಾರೆ.

ಉತ್ತರ: ನಿಶ್ಚಿಂತೆಯಿಂದ ಇರಬೇಡಿ, ಆದರೆ ಕೆಟ್ಟದ್ದೇ ಆಗಿದೆ ಎಂದು ನಿರ್ಧರಿಸಿಯೂ ಬಿಡಬೇಡಿ. ನೀವು ಓದಿರುವ ಸಂಗತಿ ನಿಜ. ಪ್ಯಾಂಕ್ರಿಯಾಸ್, ಅಂದರೆ ಮೇದೋಜ್ಜೀರಕ ಗ್ರಂಥಿಯಲ್ಲಿ ಬೆಳೆಯುವ ಗ್ಲುಕಗನೋಮಾ ಎಂಬ ಒಂದು ಬಗೆಯ ಗೆಡ್ಡೆ ಹೊಟ್ಟೆಯಲ್ಲಿ ಯಾವ ತೊಂದರೆಯನ್ನೂ ಕೊಡದೆ, ಮೊದಲು ಚರ್ಮದ ಮೇಲೆಯೇ ತನ್ನ ಗುರುತನ್ನು ತೋರಿಸುವುದುಂಟು. ಅದು ಬಹಳ ಅಪರೂಪ. ವರ್ಷಕ್ಕೆ ಎರಡು ಕೋಟಿ ಜನರಲ್ಲಿ ಒಬ್ಬರಿಗೆ ಬರಬಹುದೆಂದು ವೈದ್ಯಕೀಯ ಗ್ರಂಥಗಳು ಅಂದಾಜಿಸುತ್ತವೆ. ಕೊಡಗಿನ ಮಳೆಯಲ್ಲಿ ತೊಡೆಸಂದಿಗೆ ಬರುವ ದದ್ದುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಶಿಲೀಂಧ್ರ, ಇಸುಬು ಅಥವಾ ಒದ್ದೆ ಬಟ್ಟೆಯ ಉಜ್ಜುವಿಕೆಯಿಂದ ಆದವು. ಹೀಗಿದ್ದೂ ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. ಕಾರಣ ದದ್ದಲ್ಲ, ಅದರ ಜೊತೆಗೆ ನೀವು ಬರೆದಿರುವ ಉಳಿದ ಮೂರು ಸಂಗತಿಗಳು.

ದದ್ದಿಗೆ ಗಂಬೂಟು ಕಾರಣ, ತೂಕ ಇಳಿದದ್ದಕ್ಕೆ ಸಕ್ಕರೆ ಕಾಯಿಲೆ ಕಾರಣ, ಸಕ್ಕರೆ ಕಾಯಿಲೆಗೆ ವಯಸ್ಸು ಕಾರಣ, ನಾಲಿಗೆಯ ಉರಿಗೆ ಬಿ ವಿಟಮಿನ್ ಕೊರತೆ ಕಾರಣ ಎಂದು ಒಂದೊಂದು ತೊಂದರೆಗೂ ಒಂದೊಂದು ಸುಲಭವಾದ ವಿವರಣೆ ಸಿಗುತ್ತದೆ. ಬಿಡಿಬಿಡಿಯಾಗಿ ನೋಡಿದಾಗ ಪ್ರತಿಯೊಂದು ವಿವರಣೆಯೂ ಸರಿಯೇ. ಹೀಗಾಗಿಯೇ ಈ ಕಾಯಿಲೆ ಇರುವವರು ಚರ್ಮಕ್ಕೆ ಒಬ್ಬ ವೈದ್ಯರು, ಸಕ್ಕರೆಗೆ ಇನ್ನೊಬ್ಬರು, ಬಾಯಿಹುಣ್ಣಿಗೆ ಮತ್ತೊಬ್ಬರು ಎಂದು ತಿರುಗುತ್ತಾ ವರ್ಷಗಳನ್ನೇ ಕಳೆದುಬಿಡುತ್ತಾರೆ. ಈ ನಾಲ್ಕನ್ನೂ ಒಬ್ಬರೇ ವೈದ್ಯರ ಮುಂದೆ ಒಂದೇ ದಿನ, ಒಂದೇ ಉಸಿರಿನಲ್ಲಿ ಹೇಳುವುದು ನಿಮ್ಮಿಂದ ಈಗ ಆಗಬೇಕಾದ ಮೊದಲ ಕೆಲಸ.

ಗೆಡ್ಡೆ ಹೊಟ್ಟೆಯೊಳಗಿದ್ದು ದದ್ದು ತೊಡೆಯ ಮೇಲೆ ಏಳುವುದು ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೇದೋಜ್ಜೀರಕ ಗ್ರಂಥಿಯು ಜಠರದ ಹಿಂದೆ, ಬೆನ್ನುಮೂಳೆಗೆ ಆತುಕೊಂಡಂತೆ ಅಡ್ಡವಾಗಿ ಮಲಗಿದೆ. ಅದರ ಬಹುಪಾಲು ಜೀರ್ಣರಸವನ್ನು ತಯಾರಿಸುತ್ತದೆ. ನಡುನಡುವೆ ಹಾರ್ಮೋನುಗಳನ್ನು ತಯಾರಿಸುವ ಕೋಶಗಳ ಸಣ್ಣ ಗುಂಪುಗಳಿವೆ. 1869ರಲ್ಲಿ ಅವುಗಳನ್ನು ಮೊದಲು ಗುರುತಿಸಿದ ಪಾಲ್ ಲ್ಯಾಂಗರ್‌ಹಾನ್ಸ್ ಅವರ ಹೆಸರಿನಲ್ಲಿ ಅವನ್ನು ಲ್ಯಾಂಗರ್‌ಹಾನ್ಸ್ ದ್ವೀಪಗಳು ಎನ್ನುತ್ತಾರೆ. ಅಲ್ಲಿನ ಬೀಟಾ ಕೋಶಗಳು ಇನ್ಸುಲಿನ್ ತಯಾರಿಸಿದರೆ ಆಲ್ಫಾ ಕೋಶಗಳು ಅದಕ್ಕೆ ಎದುರಾಗಿ ಕೆಲಸ ಮಾಡುವ ಗ್ಲುಕಗಾನ್ ಎಂಬ ಹಾರ್ಮೋನನ್ನು ತಯಾರಿಸುತ್ತವೆ. ಊಟದ ಹೊತ್ತು ಮೀರಿ ರಕ್ತದ ಸಕ್ಕರೆ ತಗ್ಗಿದಾಗ ಗ್ಲುಕಗಾನ್ ಯಕೃತ್ತಿಗೆ ಸಕ್ಕರೆ ಬಿಡುಗಡೆ ಮಾಡಲು ಸೂಚಿಸುತ್ತದೆ. ಕೂಡಿಟ್ಟ ಸಕ್ಕರೆ ಸಾಲದಿದ್ದರೆ ಪ್ರೋಟೀನಿನ ಬಿಡಿಭಾಗಗಳಾದ ಅಮೈನೋ ಆಮ್ಲಗಳಿಂದಲೇ ಸಕ್ಕರೆ ತಯಾರಾಗುವಂತೆ ಮಾಡುತ್ತದೆ.

ಆಲ್ಫಾ ಕೋಶಗಳೇ ಗೆಡ್ಡೆಯಾಗಿ ಬೆಳೆದಾಗ ಅದನ್ನು ಗ್ಲುಕಗನೋಮಾ ಎನ್ನುತ್ತೇವೆ. ಆಗ ಗ್ಲುಕಗಾನ್ ಹಗಲು ರಾತ್ರಿ ಎನ್ನದೆ ಸುರಿಯುತ್ತಲೇ ಇರುತ್ತದೆ. ಸಕ್ಕರೆ ಏರುತ್ತದೆ, ತೂಕ ಇಳಿಯುತ್ತದೆ, ರಕ್ತದಲ್ಲಿ ಅಮೈನೋ ಆಮ್ಲಗಳು ಬರಿದಾಗುತ್ತವೆ. ನಮ್ಮ ಚರ್ಮ ಸದಾ ಹಳೆಯ ಪದರವನ್ನು ಕಳಚಿ ಹೊಸದನ್ನು ಕಟ್ಟಿಕೊಳ್ಳುತ್ತಿರುವ ಅಂಗವಾದ್ದರಿಂದ ಈ ಕೊರತೆ ಅದಕ್ಕೆ ಬೇಗ ತಟ್ಟುತ್ತದೆ. ಬಟ್ಟೆ ಉಜ್ಜುವ, ಬೆವರು ನಿಲ್ಲುವ, ಹೆಚ್ಚು ಸವೆಯುವ ಜಾಗಗಳಲ್ಲಿ ಚರ್ಮದ ಮೇಲಿನ ಪದರ ಸತ್ತು ಸುಲಿಯುತ್ತದೆ. ಗೆಡ್ಡೆ ಒಳಗೆ ಹಾಗೆಯೇ ಇದ್ದರೂ ರಕ್ತನಾಳದ ಮೂಲಕ ಅಮೈನೋ ಆಮ್ಲಗಳನ್ನು ಕೊಟ್ಟಾಗ ಕೆಲವರ ದದ್ದು ಮಾಯುವುದು ಈ ವಿವರಣೆಗೆ ದೊಡ್ಡ ಆಧಾರ. ಸತುವಿನ ಕೊರತೆ ಮತ್ತು ಕೊಬ್ಬಿನಾಮ್ಲಗಳ ಕೊರತೆಯೂ ಇದಕ್ಕೆ ಸೇರಿಕೊಳ್ಳುತ್ತವೆ.

ಈ ದದ್ದಿನ ವೈದ್ಯಕೀಯ ಹೆಸರು ನೆಕ್ರೋಲಿಟಿಕ್ ಮೈಗ್ರೇಟರಿ ಎರಿಥೀಮಾ. ಮೇಲ್ಪದರ ಸಾಯುತ್ತಾ ಜಾಗ ಬದಲಿಸುವ ಕೆಂಪು ಎಂಬುದು ಅದರ ಅರ್ಥ. ಮೇದೋಜ್ಜೀರಕ ಗ್ರಂಥಿಯ ಗೆಡ್ಡೆಯಿದ್ದ ರೋಗಿಯಲ್ಲಿ ಇಂಥ ದದ್ದನ್ನು ಮೊದಲು ವರದಿ ಮಾಡಿದವರು ಬೆಕರ್, ಕಾನ್ ಮತ್ತು ರಾತ್‌ಮನ್, 1942ರಲ್ಲಿ. ಗೆಡ್ಡೆಯಿಂದ ಹೊರಬರುವುದು ಗ್ಲುಕಗಾನ್ ಎಂದು 1966ರಲ್ಲಿ ಸ್ಪಷ್ಟವಾಯಿತು. ದದ್ದಿಗೆ ಈ ಹೆಸರು ಬಂದದ್ದು 1973ರಲ್ಲಿ. ಮರುವರ್ಷವೇ ಒಂಬತ್ತು ರೋಗಿಗಳ ವಿವರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ದದ್ದು, ಸಕ್ಕರೆ ಕಾಯಿಲೆ, ತೂಕ ಇಳಿಕೆ, ರಕ್ತಹೀನತೆ, ನಾಲಿಗೆಯ ಉರಿ ಇವೆಲ್ಲ ಒಂದೇ ಕಾಯಿಲೆಯ ಮುಖಗಳು ಎಂಬುದು ಖಚಿತವಾಯಿತು.

ಈಗ ನಿಮ್ಮ ತಂದೆಯವರ ದದ್ದನ್ನು ಹೇಗೆ ನೋಡಬೇಕು ಎಂಬುದಕ್ಕೆ ಬರುತ್ತೇನೆ. ಟ್ಯೂಬ್‌ಲೈಟಿನ ಕೆಳಗಲ್ಲ, ಹಗಲು ಹೊತ್ತಿನಲ್ಲಿ ಕಿಟಕಿಯ ಪಕ್ಕ ನಿಲ್ಲಿಸಿ ನೋಡಿ. ಗ್ಲುಕಗನೋಮಾದ ದದ್ದು ಮೊದಲು ಬರಿಯ ಕೆಂಪು ಮಚ್ಚೆಯಾಗಿ ಏಳುತ್ತದೆ. ಒಂದೆರಡು ದಿನಗಳಲ್ಲಿ ಅದರ ನಡುಭಾಗ ಬಿಳಿಚಿಕೊಂಡು ತೆಳ್ಳನೆಯ, ಮುಟ್ಟಿದರೆ ಒಡೆಯುವ ಬೊಬ್ಬೆಯಾಗುತ್ತದೆ. ಬೊಬ್ಬೆ ಒಡೆದು ಹಸಿಯಾಗಿ ಹಕ್ಕಳೆ ಕಟ್ಟುತ್ತದೆ. ನಡುವೆ ಮಾಯುತ್ತಾ ಕಂದು ಕಲೆ ಉಳಿಯುತ್ತದೆ, ಆದರೆ ಅಂಚು ಮಾತ್ರ ಕೆಂಪಗೆ ಹೊರಗೆ ಸರಿಯುತ್ತಾ ಹೋಗುತ್ತದೆ. ಪಕ್ಕಪಕ್ಕದ ಎರಡು ಮೂರು ಉಂಗುರಗಳು ಕೂಡಿಕೊಂಡಾಗ ಭೂಪಟದಂಥ ಆಕಾರ ಕಾಣುತ್ತದೆ. ಈ ಸುತ್ತು ಮುಗಿಯಲು ಸುಮಾರು ಒಂದರಿಂದ ಎರಡು ವಾರ ಬೇಕು; ಅಷ್ಟರಲ್ಲಿ ಪಕ್ಕದಲ್ಲಿ ಹೊಸದು ಶುರುವಾಗಿರುತ್ತದೆ. ಹಾಗಾಗಿ ಒಂದೇ ತೊಡೆಯ ಮೇಲೆ ಹೊಸ ಕೆಂಪು, ಹಸಿ ಗಾಯ, ಹಕ್ಕಳೆ, ಒಣಗಿದ ಕಲೆ ನಾಲ್ಕೂ ಒಟ್ಟಿಗೆ ಇರುತ್ತವೆ. ನವೆಗಿಂತ ಉರಿ ಮತ್ತು ನೋವು ಹೆಚ್ಚು ಕಾಡಬಹುದು. ತೊಡೆಸಂದು, ಪಿರ್ರೆ, ಕಿಬ್ಬೊಟ್ಟೆ, ಕಾಲುಗಳು ಮತ್ತು ಬಾಯಿಯ ಸುತ್ತ ಇದು ಹೆಚ್ಚಾಗಿ ಕಾಣುವ ಜಾಗಗಳು.

ಶಿಲೀಂಧ್ರದ ಉಂಗುರವೂ ನಡುವೆ ಆರಿ ಅಂಚಿನಲ್ಲಿ ಹರಡುತ್ತದೆ, ನಿಜ. ಆದರೆ ಅದು ನಿಧಾನವಾಗಿ ಬೆಳೆಯುತ್ತದೆ, ಅಂಚಿನಲ್ಲಿ ಸಣ್ಣ ಹೊಪ್ಪಳೆ ಇರುತ್ತದೆ, ನವೆ ಪ್ರಧಾನ. ಚರ್ಮದ ಮೇಲ್ಪದರ ಹಾಳೆಯಂತೆ ಸುಲಿದು ಬರುವುದಿಲ್ಲ. ಮೈಲುತುತ್ತು ಸುಣ್ಣದ ದ್ರಾವಣ ಹೊಡೆದು ಆಗುವ ಉರಿ ಕೈ, ಮುಂಗೈ, ಮುಖ, ಕತ್ತಿನಂಥ ದ್ರಾವಣ ತಾಗಿದ ಜಾಗದಲ್ಲಿ ಕಾಣಿಸಿ, ಸಿಂಪಡಣೆ ನಿಂತ ಮೇಲೆ ಕೆಲವು ವಾರಗಳಲ್ಲಿ ಹೋಗುತ್ತದೆ. ಗಿಡಗಳ ಕೊಳೆರೋಗಕ್ಕೆ ಹೊಡೆದ ಈ ಔಷಧಿ ಮಳೆಗಾಲ ಕಳೆದು, ಕೊಯ್ಲು ಮುಗಿದ ಮೇಲೂ ಪಿರ್ರೆಯ ಮೇಲೆ ಹೊಸ ದದ್ದು ಎಬ್ಬಿಸುವುದಿಲ್ಲ.

ಆಮೇಲೆ ಬಾಯಿ ತೆರೆಸಿ. ಚರ್ಮವೈದ್ಯರು ನಾಲಿಗೆ ನೋಡುವುದನ್ನು ಎಂದೂ ಬಿಡಬಾರದು ಎಂದು ನಾನು ಕಿರಿಯ ವೈದ್ಯರಿಗೆ ಹೇಳುತ್ತಲೇ ಇರುತ್ತೇನೆ. ಈ ಕಾಯಿಲೆಯಲ್ಲಿ ನಾಲಿಗೆಯ ಮೇಲಿನ ಸಣ್ಣ ಮೊನೆಗಳೆಲ್ಲ ಸವೆದು, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದಿಂದ ಆಗತಾನೇ ಹೊರಬಿದ್ದ ಕಾಫಿ ಬೀಜದಷ್ಟು ನುಣುಪಾಗಿ, ಕಡುಕೆಂಪಗೆ ಹೊಳೆಯುತ್ತಿರುತ್ತದೆ. ಕಟವಾಯಿಗಳು ಒಡೆದು ಬಿರುಕು ಬಿಟ್ಟಿರುತ್ತವೆ. ಹಾಗೆಯೇ ಕಾಲುಗಳನ್ನು ನೋಡಿ: ಒಂದೇ ಕಾಲು ಊದಿಕೊಂಡು ಮೀನಖಂಡ ನೋಯುತ್ತಿದ್ದರೆ ಅದು ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಲಕ್ಷಣ ಇರಬಹುದು, ಗ್ಲುಕಗನೋಮಾದಲ್ಲಿ ಇದೂ ಅಪರೂಪವಲ್ಲ. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೆ ಅಪಾಯವಾದ್ದರಿಂದ ಅಂಥ ಊತ ಅಥವಾ ಇದ್ದಕ್ಕಿದ್ದಂತೆ ಏದುಸಿರು ಕಂಡರೆ ಮರುದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಭೇದಿ, ಮಂಕು ಕವಿದಂಥ ಮನಸ್ಸು, ಕಾರಣವಿಲ್ಲದ ಬೇಸರ ಇವೂ ಇದರ ಜೊತೆ ಬರುತ್ತವೆ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಒಂದು ಹಿನ್ನೆಲೆ ಇದೆ. ಬಹಳ ವರ್ಷಗಳ ಹಿಂದೆ ದಕ್ಷಿಣ ಕೊಡಗಿನ ತೋಟವೊಂದರಿಂದ ಐವತ್ತು ದಾಟಿದ ರೈಟರ್ (ತೋಟದ ಗುಮಾಸ್ತ) ಒಬ್ಬರು ನನ್ನಲ್ಲಿಗೆ ಬಂದಿದ್ದರು. ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲೆ ಬಗ್ಗಿಸಿದಾಗ ಹಿಂಡಿ ಚಪ್ಪಟೆಯಾದ ಹನ್ನೊಂದು ಮುಲಾಮಿನ ಟ್ಯೂಬುಗಳು ಬಿದ್ದವು. ಅವರ ತೊಡೆಸಂದನ್ನು ನೋಡಿ ನಾನು ಶಿಲೀಂಧ್ರಕ್ಕೆ ಮೂರು ವಾರದ ಮಾತ್ರೆ ಬರೆದು ಕಳುಹಿಸಿದೆ. ಮೂರು ವಾರದ ನಂತರ ಅವರು ಮತ್ತೆ ಬಂದು ಪರೀಕ್ಷೆಗೆಂದು ಬೆಲ್ಟು ಬಿಚ್ಚುವಾಗ, ಅದರಲ್ಲಿ ಮೊಳೆಯಿಂದ ಹೊಸದಾಗಿ ಕೊರೆದ ಮೂರು ತೂತುಗಳು ಕಂಡವು. ಎಷ್ಟು ತಿಂಗಳಲ್ಲಿ ಎಂದು ಕೇಳಿದೆ. ಎಂಟು ತಿಂಗಳು ಎಂದರು. ಆಗ ನಾಲಿಗೆ ನೋಡಿದೆ. ಮೊದಲ ಸಲವೇ ನೋಡಬೇಕಿತ್ತು. ಬಯಾಪ್ಸಿ, ರಕ್ತಪರೀಕ್ಷೆ, ಸ್ಕ್ಯಾನ್ ಎಲ್ಲ ಮುಗಿಯುವ ವೇಳೆಗೆ ಗ್ರಂಥಿಯ ಬಾಲದ ಭಾಗದಲ್ಲಿ ಗೆಡ್ಡೆಯೂ ಯಕೃತ್ತಿನಲ್ಲಿ ಅದರ ಕೆಲವು ಚುಕ್ಕೆಗಳೂ ಕಾಣಿಸಿದವು. ಹಾರ್ಮೋನನ್ನು ತಗ್ಗಿಸುವ ಚುಚ್ಚುಮದ್ದು ಶುರುವಾಗಿ ಹತ್ತು ದಿನಗಳಲ್ಲಿ, ವರ್ಷದಿಂದ ಯಾವ ಮುಲಾಮಿಗೂ ಬಗ್ಗದಿದ್ದ ಚರ್ಮ ಒಣಗಿ ತಿಳಿಯಾಯಿತು. ಶಸ್ತ್ರಚಿಕಿತ್ಸೆಯ ನಂತರ ಅವರು ಹಲವು ವರ್ಷ ತೋಟದ ಲೆಕ್ಕ ಬರೆದರು. ಆ ಮೂರು ವಾರಗಳ ವಿಳಂಬ ನನ್ನದು. ಅದರ ಹಿಂದಿನ ತಿಂಗಳುಗಳ ವಿಳಂಬ ಆ ಹನ್ನೊಂದು ಟ್ಯೂಬುಗಳದು.

ಮುಲಾಮಿನ ವಿಚಾರವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಮುಲಾಮುಗಳಲ್ಲಿ ಹಲವು ಕ್ಲೋಬೆಟಸಾಲ್‌ನಂಥ ಪ್ರಬಲ ಸ್ಟೀರಾಯ್ಡ್, ಶಿಲೀಂಧ್ರದ ಔಷಧಿ ಮತ್ತು ಆಂಟಿಬಯಾಟಿಕ್ ಬೆರೆಸಿದ ಮಿಶ್ರಣಗಳು. ಇವು ನಾಲ್ಕು ದಿನ ಕೆಂಪನ್ನು ತಗ್ಗಿಸಿ ವಾಸಿಯಾದಂತೆ ತೋರಿಸುತ್ತವೆ. ಶಿಲೀಂಧ್ರವಾಗಿದ್ದರೆ ಅದು ಒಳಗೊಳಗೇ ಹರಡಿ ಗುರುತು ಸಿಗದಂತಾಗುತ್ತದೆ, ಬೇರೆ ಕಾಯಿಲೆಯಾಗಿದ್ದರೆ ಅದರ ಚಹರೆಯೇ ಅಳಿಸಿಹೋಗುತ್ತದೆ. ತಂದೆಯವರಿಗೆ ಹಚ್ಚುತ್ತಿರುವ ಮುಲಾಮನ್ನು ಇಂದೇ ನಿಲ್ಲಿಸಿ, ಬರಿಯ ತೆಂಗಿನೆಣ್ಣೆ ಅಥವಾ ಪೆಟ್ರೋಲಿಯಂ ಜೆಲ್ಲಿ ಸವರಿ. ಖಾಲಿ ಟ್ಯೂಬುಗಳನ್ನು ಎಸೆಯಬೇಡಿ, ವೈದ್ಯರಿಗೆ ತೋರಿಸಿ. ದದ್ದಿನ ಫೋಟೋವನ್ನು ಎರಡು ದಿನಕ್ಕೊಮ್ಮೆ ಒಂದೇ ಜಾಗದಲ್ಲಿ ತೆಗೆದಿಟ್ಟುಕೊಂಡರೆ ಅಂಚು ಸರಿಯುವುದು ಯಾರಿಗಾದರೂ ಕಾಣುತ್ತದೆ.

ಪರೀಕ್ಷೆಗಳಲ್ಲಿ ಮೊದಲನೆಯದು ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರ ಇದೆಯೇ ಎಂದು ನೋಡುವುದು. ಎರಡನೆಯದು ಬಯಾಪ್ಸಿ. ಇಲ್ಲಿ ಜಾಗದ ಆಯ್ಕೆಯೇ ಮುಖ್ಯ: ಹೊಸದಾಗಿ ಎದ್ದ ಮಚ್ಚೆಯ ಕೆಂಪು ಅಂಚಿನಿಂದ ಚೂರು ತೆಗೆದರೆ ಮೇಲ್ಪದರದ ಕೋಶಗಳು ಊದಿ, ಬಿಳಿಚಿ, ಸತ್ತಿರುವುದು ಕಾಣುತ್ತದೆ, ಹಳೆಯ ಹಕ್ಕಳೆಯಿಂದ ತೆಗೆದರೆ ಬರಿಯ ಇಸುಬು ಎಂಬ ವರದಿ ಬರುತ್ತದೆ. ಒಂದು ಬಯಾಪ್ಸಿಯಲ್ಲಿ ಸಿಗದಿದ್ದರೆ ಎರಡು ಮೂರು ಸಲ, ಬೇರೆ ಬೇರೆ ಜಾಗದಿಂದ ತೆಗೆಯಬೇಕಾಗಬಹುದು. ಅದಕ್ಕೆ ಬೇಸರಿಸಬೇಡಿ. ಜೊತೆಗೆ ಹಿಮೋಗ್ಲೋಬಿನ್, ಆಲ್ಬುಮಿನ್, ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆ, ಸತುವಿನ ಪ್ರಮಾಣ, ಮೂರು ತಿಂಗಳ ಸರಾಸರಿ ಸಕ್ಕರೆ ಇವು ಬೇಕು. ಇಷ್ಟನ್ನು ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿಂದಲೇ ಆರಂಭಿಸಬಹುದು.

ಅನುಮಾನ ಗಟ್ಟಿಯಾದರೆ ಬರಿಹೊಟ್ಟೆಯಲ್ಲಿ ರಕ್ತದ ಗ್ಲುಕಗಾನ್ ಪ್ರಮಾಣ ನೋಡಬೇಕು. ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 200 ಪಿಕೋಗ್ರಾಂ ಒಳಗಿರುವ ಇದು ಗ್ಲುಕಗನೋಮಾದಲ್ಲಿ 500 ದಾಟಿರುತ್ತದೆ, ಅನೇಕರಲ್ಲಿ 1000 ಮೀರುತ್ತದೆ. ಈ ಹಾರ್ಮೋನು ಬೇಗ ಕೆಡುವಂಥದ್ದು. ರಕ್ತವನ್ನು ಸರಿಯಾದ ನಳಿಕೆಯಲ್ಲಿ ತೆಗೆದು ಕೂಡಲೇ ತಣ್ಣಗಿಟ್ಟು ಸಾಗಿಸದಿದ್ದರೆ ಫಲಿತಾಂಶವನ್ನು ನಂಬಲಾಗದು. ಮೈಸೂರು, ಮಂಗಳೂರು ಅಥವಾ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿಯೇ ರಕ್ತ ಕೊಡುವುದು ಒಳ್ಳೆಯದು ಎಂದು ನಾನು ಹೇಳುವುದು ಇದಕ್ಕಾಗಿ. ಮೂತ್ರಪಿಂಡದ ವೈಫಲ್ಯ, ಯಕೃತ್ತಿನ ಕಾಯಿಲೆ, ದೀರ್ಘ ಉಪವಾಸ ಇವುಗಳಲ್ಲಿಯೂ ಗ್ಲುಕಗಾನ್ ಏರುತ್ತದೆ, ಆದರೆ ಸಾಮಾನ್ಯವಾಗಿ ಅಷ್ಟು ಎತ್ತರಕ್ಕೆ ಹೋಗುವುದಿಲ್ಲ.

ಅಲ್ಟ್ರಾಸೌಂಡಿನಲ್ಲಿ ಏನೂ ಇಲ್ಲ ಎಂಬ ವರದಿಯಿಂದ ನೀವು ಸಮಾಧಾನಪಡಬಾರದು. ಗ್ಲುಕಗನೋಮಾ ಹೆಚ್ಚಾಗಿ ಬೆಳೆಯುವುದು ಗ್ರಂಥಿಯ ಬಾಲದಲ್ಲಿ, ಎಡಗಡೆ ಗುಲ್ಮದ (ಸ್ಪ್ಲೀನ್) ಹತ್ತಿರ. ಅದರ ಮುಂದೆ ಜಠರ ಮತ್ತು ಕರುಳಿನ ಗಾಳಿ ತುಂಬಿರುತ್ತದೆ. ಅಲ್ಟ್ರಾಸೌಂಡಿನ ಅಲೆಗಳು ಗಾಳಿಯನ್ನು ದಾಟಲಾರವು. ವರದಿಯನ್ನು ತೆಗೆದು ನೋಡಿ, ಗ್ಯಾಸ್‌ನಿಂದಾಗಿ ಪ್ಯಾಂಕ್ರಿಯಾಸ್ ಪೂರ್ತಿಯಾಗಿ ಕಾಣಲಿಲ್ಲ ಎಂಬ ಒಂದು ಸಾಲು ಕೆಳಗೆ ಇದ್ದರೂ ಇರಬಹುದು. ಗ್ರಂಥಿಯನ್ನು ಸರಿಯಾಗಿ ನೋಡಬೇಕಾದರೆ ಡೈ ಕೊಟ್ಟು ಮಾಡುವ ಸಿ.ಟಿ. ಸ್ಕ್ಯಾನ್ ಅಥವಾ ಎಂ.ಆರ್.ಐ. ಬೇಕು. ಅಲ್ಲಿ ಗೆಡ್ಡೆ ಕಂಡರೆ ಗ್ಯಾಲಿಯಂ-68 ಎಂಬ ವಿಕಿರಣಶೀಲ ವಸ್ತು ಬಳಸುವ ಪೆಟ್ ಸ್ಕ್ಯಾನ್ ಅದು ಎಲ್ಲೆಲ್ಲಿ ಹರಡಿದೆ ಎಂಬುದನ್ನು ತೋರಿಸುತ್ತದೆ.

ಇದೇ ಬಗೆಯ ದದ್ದು ಗೆಡ್ಡೆಯಿಲ್ಲದೆಯೂ ಬರುತ್ತದೆ: ಸಿರೋಸಿಸ್‌ನಂಥ ಯಕೃತ್ತಿನ ಕಾಯಿಲೆ, ಕರುಳು ಆಹಾರವನ್ನು ಹೀರಿಕೊಳ್ಳದ ಸ್ಥಿತಿ, ಸತುವಿನ ಕೊರತೆ, ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್ (ಪ್ಯಾಂಕ್ರಿಯಾಸ್‌ನ ಉರಿಯೂತ). ಆದ್ದರಿಂದ ತಂದೆಯವರು ಮದ್ಯ ಸೇವಿಸುವವರಾಗಿದ್ದರೆ ಎಷ್ಟು, ಎಷ್ಟು ವರ್ಷದಿಂದ ಎಂಬುದನ್ನು ಮುಚ್ಚಿಡದೆ ಹೇಳಲಿ. ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಕೇಳಿದಾಗ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ವೈದ್ಯರು ಕೇಳುವುದು ತಪ್ಪು ಹುಡುಕಲು ಅಲ್ಲ. ಆ ಒಂದು ಉತ್ತರದಿಂದ ತಪಾಸಣೆಯ ದಿಕ್ಕೇ ಬದಲಾಗುತ್ತದೆ.

ನೀವು ಓದಿದ ಬರಹದಲ್ಲಿ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಎಂಬ ಪದ ಇದ್ದಿರಬೇಕು. ಅಲ್ಲಿ ಒಂದು ವ್ಯತ್ಯಾಸ ತಿಳಿದಿರಲಿ. ಸಾಮಾನ್ಯವಾಗಿ ಕಾಣುವ, ವೇಗವಾಗಿ ಬೆಳೆಯುವ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಹುಟ್ಟುವುದು ಜೀರ್ಣರಸದ ನಾಳದಲ್ಲಿ. ಅದು ಇಂಥ ದದ್ದು ಎಬ್ಬಿಸುವುದಿಲ್ಲ. ಅದರ ಗುರುತುಗಳು ಬೇರೆ: ಕಣ್ಣು ಹಳದಿಯಾಗುವುದು, ದದ್ದಿಲ್ಲದೆಯೇ ಮೈಯೆಲ್ಲ ನವೆ, ಬಿಳಿಚಿದ ಮಲ, ಕಡು ಬಣ್ಣದ ಮೂತ್ರ, ಕೆಲವರಲ್ಲಿ ಇಂದು ಇಲ್ಲಿ ನಾಳೆ ಅಲ್ಲಿ ಎಂಬಂತೆ ರಕ್ತನಾಳಗಳು ಗಂಟುಕಟ್ಟಿ ನೋಯುವುದು. ಈ ಕೊನೆಯದನ್ನು 1865ರಷ್ಟು ಹಿಂದೆಯೇ ಫ್ರಾನ್ಸಿನ ಆರ್ಮಾಂಡ್ ಟ್ರೂಸೋ ವಿವರಿಸಿದ್ದರು. ಕೊಡವರ ಕಕ್ಕಡ ಮಾಸದ ಹದಿನೆಂಟರಂದು ಮದ್ದು ಸೊಪ್ಪಿನ ಪಾಯಸ ತಿಂದು ಮೂತ್ರ ಕೆಂಪಾದರೆ ಹೆದರಬೇಕಿಲ್ಲ, ಅದು ಒಂದೆರಡು ದಿನಗಳಲ್ಲಿ ತಿಳಿಯಾಗುತ್ತದೆ. ದಿನದಿಂದ ದಿನಕ್ಕೆ ಕಡುವಾಗುವ ಮೂತ್ರ ಬೇರೆ ಮಾತು. ಇನ್ನೊಂದು ಅಪರೂಪದ ಬಗೆಯಲ್ಲಿ ಗ್ರಂಥಿಯ ಕಿಣ್ವಗಳು ರಕ್ತಕ್ಕೆ ಸೋರಿ ಕಾಲಿನ ಚರ್ಮದಡಿಯ ಕೊಬ್ಬನ್ನೇ ಕರಗಿಸುತ್ತವೆ. ಮುಟ್ಟಿದರೆ ನೋಯುವ ಕೆಂಪು ಗಂಟುಗಳು ಎದ್ದು, ಒಡೆದು ಎಣ್ಣೆಯಂಥ ದ್ರವ ಸುರಿಯುತ್ತದೆ, ಕೀಲುಗಳೂ ನೋಯುತ್ತವೆ.

ಗ್ಲುಕಗನೋಮಾ ಇವಕ್ಕಿಂತ ನಿಧಾನವಾಗಿ ಬೆಳೆಯುವ ಗೆಡ್ಡೆ. ಪತ್ತೆಯಾಗುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಅದು ಹರಡಿರುತ್ತದೆ ಎಂಬುದು ದುಃಖದ ಸಂಗತಿ, ಆದರೆ ಹರಡಿದ ಮೇಲೂ ಚಿಕಿತ್ಸೆಯಿಂದ ವರ್ಷಗಟ್ಟಲೆ ಬದುಕಿದವರಿದ್ದಾರೆ. ಹರಡುವ ಮೊದಲೇ ಸಿಕ್ಕರೆ ಶಸ್ತ್ರಚಿಕಿತ್ಸೆಯಿಂದ ಪೂರ್ತಿ ತೆಗೆಯಲು ಸಾಧ್ಯ. ಆಕ್ಟ್ರಿಯೋಟೈಡ್, ಲಾನ್ರಿಯೋಟೈಡ್ ಚುಚ್ಚುಮದ್ದುಗಳು ಹಾರ್ಮೋನನ್ನು ತಗ್ಗಿಸುತ್ತವೆ. ಹರಡಿದವರಿಗೆ ಲುಟೇಶಿಯಂ-177 ಎಂಬ ವಿಕಿರಣಶೀಲ ವಸ್ತು ಬಳಸುವ ಚಿಕಿತ್ಸೆಯೂ ಈಗ ನಮ್ಮ ದೇಶದಲ್ಲಿ ಲಭ್ಯವಿದೆ.

ಇನ್ನು ಮೊಮ್ಮಗಳ ವಿಚಾರ. ಗೆಡ್ಡೆಯಿಂದ ಬರುವ ದದ್ದು ಯಾರಿಗೂ ಅಂಟುವುದಿಲ್ಲ. ಅಂಟುವುದು ಶಿಲೀಂಧ್ರ ಮತ್ತು ಕಜ್ಜಿ. ಅವೆರಡೂ ಇವೆಯೇ ಇಲ್ಲವೇ ಎಂಬುದು ಚರ್ಮ ಕೆರೆದು ನೋಡಿದರೆ ಸಾಮಾನ್ಯವಾಗಿ ಅದೇ ದಿನ ತಿಳಿಯುತ್ತದೆ. ಅಲ್ಲಿಯ ತನಕ ಟವೆಲ್, ಹಾಸಿಗೆ, ಒಳಉಡುಪು ಬೇರೆ ಇರಲಿ, ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಪರೀಕ್ಷೆಯಲ್ಲಿ ಎರಡೂ ಇಲ್ಲವೆಂದು ಬಂದ ಸಂಜೆಯಿಂದಲೇ ಅವರು ಮಗುವನ್ನು ಎತ್ತಿಕೊಳ್ಳಬಹುದು.